ಗಾಡಿಯೇರಿದ ಗುಡ್ಲು

ಹಂಪಾಪುರದಲ್ಲಿ ಮೋಟಾರು ನಿಲ್ಲುವ ಅರಳಿಮರಕ್ಕೆ ಎದುರಾಗಿ ಶಿವನಂಜಮ್ಮನ ಅಂಗಡಿಯಿತ್ತು. ವೀಳ್ಯದೆಲೆ, ಬೆಲ್ಲ, ಸೀಮೆಎಣ್ಣೆ, ಬೀಡಿ, ಮಕ್ಕಳಿಗೆ ಪೆಪ್ಪರಮೆಂಟು, ಇಷ್ಟೇ ಸರಕು. ಪುಕ್ಕಟೆಯಾಗಿ ಸಿಗುತ್ತಿದ್ದದ್ದು ಆಕೆಯ ಮಾತು. ಅದನ್ನು ಮಾತ್ರ ಯಾರೂ ಕೇಳಿ ಪಡೆಯುತ್ತಿರಲಿಲ್ಲ, ಆಕೆಯೇ ಕೊಟ್ಟು ಕಳಿಸುತ್ತಿದ್ದಳು. ಗಂಡ ಚಳಿಜ್ವರದಲ್ಲಿ ಹೋದಾಗ ಇನ್ನೂ ಎಳೆ ಪ್ರಾಯ, ಮಕ್ಕಳಿಲ್ಲ. ಮೂಲೆ ಹಿಡಿದು ಕೂರಬೇಕಾದವಳು ತಕ್ಕಡಿ ಹಿಡಿದಳಲ್ಲ ಎಂದು ಊರು ಆಡಿಕೊಂಡಿತು. ಆಡಿಕೊಂಡ ಬಾಯಿಗೂ ಎಲೆ ಅಡಿಕೆ ಬೇಕು. ಹಾಗಾಗಿ ಸ್ವಲ್ಪ ದಿನದಲ್ಲೇ ಊರೇ ಅಂಗಡಿಯ ಮುಂದೆ ಬಂದು ನಿಂತಿತು.

ಶಿವನಂಜಮ್ಮನಿಗೆ ಅಕ್ಷರ ಬಾರದು, ಮಗ್ಗಿ ಮಾತ್ರ ಬರುತ್ತಿತ್ತು. ಅದೂ ಎಂಥ ಮಗ್ಗಿ! ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ನಿದ್ದೆಗಣ್ಣಲ್ಲಿ ಒಪ್ಪಿಸುತ್ತಿದ್ದಳು. ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರದಲ್ಲಿ ಆಕೆಯ ತವರು. ತವರುಮನೆಯ ಜಗಲಿಯಲ್ಲೇ ಐನೋರೊಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದರು. ಅಣ್ಣ ತಮ್ಮಂದಿರು ಜಗಲಿಯಲ್ಲಿ, ಇವಳು ಗೋಡೆಯ ಈಚೆ ಮೊರ ಹಿಡಿದು ರಾಗಿ ಕೇರುತ್ತ. ಮಗ್ಗಿ ಗೋಡೆ ದಾಟಿ ಕಿವಿಗೆ ಬಂತು. ಅಕ್ಷರಕ್ಕೆ ಕಣ್ಣು ಬೇಕು, ಕಣ್ಣಿಗೆ ಗೋಡೆ ಅಡ್ಡವಿತ್ತು. ಒಂದು ದಿನ ಅಪ್ಪನ ಹತ್ತಿರ ಹೋಗಿ, ನಾನೂ ಆಚೆ ಕೂರುತ್ತೇನೆ ಎಂದಳು. ಅಪ್ಪ ನಕ್ಕ. ಬೈದಿದ್ದರೆ ಮರೆತುಬಿಡುತ್ತಿದ್ದಳೋ ಏನೋ, ನಕ್ಕದ್ದನ್ನು ಮರೆಯಲಿಲ್ಲ. ದೊಡ್ಡವಳಾದ ತಿಂಗಳೊಪ್ಪತ್ತಿನಲ್ಲಿ ಮದುವೆಯಾಗಿ ಹಂಪಾಪುರಕ್ಕೆ ಬಂದಳು.

ದೇಶ ರಿಪಬ್ಲಿಕ್ ಆದ ಮಾರನೆಯ ವರ್ಷ ಸರ್ಕಾರದವರು ಊರಿನಲ್ಲಿ ಹೆರಿಗೆ ಮನೆ ತೆರೆದರು. ಕೋಟೆ ತಾಲ್ಲೂಕೆಂದರೆ ಚಳಿಜ್ವರ ಎಂದು ಹೆದರಿ ಮೈಸೂರಿನ ಯಾವ ನರ್ಸೂ ಇತ್ತ ತಲೆಹಾಕಲಿಲ್ಲ. ಕಡೆಗೆ ಮಾನಂದವಾಡಿ ಕಡೆಯಿಂದ ಏಲಿಯಮ್ಮ ಎಂಬಾಕೆ ಬಂದಳು. ಬಿಳಿ ಸೀರೆ, ಕಪ್ಪು ಟ್ರಂಕು, ಒಂದು ಕೊಡೆ. ಕಿರಿಸ್ತಾನದವಳು, ಮೀನು ತಿನ್ನುವವಳು ಎಂದು ಯಾರೂ ಮನೆ ಕೊಡಲಿಲ್ಲ. ಬೆಳಗಿನ ಮೋಟಾರಿನಲ್ಲಿ ಇಳಿದವಳು ಹೊತ್ತು ಇಳಿಯುವವರೆಗೂ ಅರಳಿಮರದ ಕೆಳಗೆ ಟ್ರಂಕಿನ ಮೇಲೆ ಕೂತೇ ಇದ್ದಳು. ಎದುರು ಅಂಗಡಿಯಲ್ಲಿ ಕೂತು ಇದನ್ನು ನೋಡುತ್ತಿದ್ದ ಶಿವನಂಜಮ್ಮನಿಗೆ ತಡೆಯಲಾಗಲಿಲ್ಲ. ಒಂದು ಚೊಂಬು ನೀರು ಕೊಟ್ಟಳು, ಆಮೇಲೆ ಹಿತ್ತಿಲ ಕಡೆಯ ಕೋಣೆಯನ್ನೇ ಕೊಟ್ಟಳು.

ಗಂಡನ ಅಣ್ಣ ಷಣ್ಮುಖಪ್ಪ ಊರಿನ ಪಟೇಲ. ಸುದ್ದಿ ಕೇಳಿ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತ ಬಂದ.

"ಲಿಂಗ ಕಟ್ಟಿದ ಮನೆಯಾಗೆ ಕಿರಿಸ್ತಾನದೋಳ್ನ ಇಟ್ಕತೀಯಾ ಶಿವನಂಜಿ?"

"ಲಿಂಗ ನನ್ ಎದೆ ಮ್ಯಾಲೈತೆ ಭಾವ, ಇತ್ಲ ಕೋಣ್ಯಾಗಿಲ್ಲ. ನಮ್ಮೋರಿಗೆ ಸೂತಕ ಇಲ್ಲ, ಮೈಲಿಗೆ ಇಲ್ಲ ಅಂತ ಮಠದ ಜಗಲಿ ಮ್ಯಾಲೆ ಕುಂತು ಊರಿಗೆಲ್ಲ ಏಳೋರು ನೀವು. ಏಳೋದು ನಿಮಗಿರ್ಲಿ, ಮಾಡೋದು ನನಗಿರ್ಲಿ."

ಷಣ್ಮುಖಪ್ಪ ಒಂದು ಕವಳ ಹಾಕಿಕೊಂಡು ಹೋದ. ಮನೆಯೊಳಗೆ ಮೀನು ಬೇಯಿಸಬಾರದು ಎಂಬ ಒಂದೇ ಕರಾರಿನ ಮೇಲೆ ಏಲಿಯಮ್ಮ ಉಳಿದಳು. ಮೀನು ಬಿಟ್ಟಳು, ಬಿಟ್ಟದ್ದನ್ನು ನೆನಪಿಸಿ ನೆನಪಿಸಿ ಶಿವನಂಜಮ್ಮನನ್ನು ಗೋಳುಹೊಯ್ದುಕೊಳ್ಳುವುದನ್ನು ಬಿಡಲಿಲ್ಲ. ಸಂಜೆ ಹೊತ್ತು ಒಬ್ಬಳು ವಿಭೂತಿ ಧರಿಸಿ ಪೂಜೆಗೆ ಕೂರುವಳು, ಇನ್ನೊಬ್ಬಳು ಜಪಮಣಿ ಹಿಡಿದು ಕೂರುವಳು. ಆಮೇಲೆ ಇಬ್ಬರೂ ಸೇರಿ ಊರಿನವರನ್ನು ಬೈಯುವರು.

ಶಿವನಂಜಮ್ಮನ ಮನೆ ಕೆಲಸಕ್ಕೆ ಬರುತ್ತಿದ್ದವಳು ಪುಟ್ಟಸಿದ್ದಮ್ಮ. ಗಂಡ ಚಿಕ್ಕಮಾದು ಕೂಲಿಯವನು. ಒಂದು ಹೆರಿಗೆಯಲ್ಲಿ ಮಗು ಅಡ್ಡ ನಿಂತು ಪುಟ್ಟಸಿದ್ದಮ್ಮನ ಜೀವ ಗಂಟಲಿಗೆ ಬಂತು. ಆಕೆಯ ತಮ್ಮ ಸಣ್ಣಬೀರಯ್ಯ ಎತ್ತು ಹೂಡಿಕೊಂಡು ಓಡಿಬಂದು ಏಲಿಯಮ್ಮನನ್ನು ಗಾಡಿಯಲ್ಲಿ ಕರೆದೊಯ್ದ. ಕತ್ತಲು ಕೋಣೆಯಲ್ಲಿ ಬುಡ್ಡಿ ಹಿಡಿಯಲು ಇದ್ದದ್ದು ಹಿರಿಮಗಳು ಸಣ್ಣತಾಯಮ್ಮ ಒಬ್ಬಳೇ. ಚಿಕ್ಕ ಹುಡುಗಿ, ಹೆದರಿ ಓಡಿಹೋಗುತ್ತಾಳೆ ಎಂದುಕೊಂಡಿದ್ದ ಏಲಿಯಮ್ಮ, ಕೆಲಸ ಮುಗಿದ ಮೇಲೆ ನೋಡಿದರೆ ಅವಳು ಬುಡ್ಡಿಯನ್ನು ಅಲುಗಿಸದೆ ನಿಂತಿದ್ದಳು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಮಾರನೆಯ ದಿನ ಸಣ್ಣತಾಯಮ್ಮ ಹಿತ್ತಿಲ ಕೋಣೆಗೆ ಬಂದು, "ನರ್ಸಮ್ಮ, ನೀವು ಕಲ್ತಿರೋದ್ನ ನಾನೂ ಕಲೀಬೇಕು" ಎಂದಳು.

ಅದಕ್ಕೆ ದಾರಿ ಉದ್ದವಿತ್ತು. ಮೊದಲು ಊರಿನ ಶಾಲೆಯಲ್ಲಿ ಓದಿ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಮೈಸೂರಿನಲ್ಲಿ ಹೆಂಗಸರೇ ಕೂಡಿ ನಡೆಸುತ್ತಿದ್ದ ಒಂದು ಹಾಸ್ಟೆಲ್ಲಿನಲ್ಲಿ ಪುಕ್ಕಟೆ ಊಟ, ಹೈಸ್ಕೂಲು. ಅಲ್ಲಿಂದಾಚೆಗೆ ಸೂಲಗಿತ್ತಿ ತರಬೇತಿ. ಹಾಸ್ಟೆಲ್ಲಿನವರನ್ನು ಏಲಿಯಮ್ಮ ಬಲ್ಲಳು, ಮಾತಾಡಿಯೂ ಇಟ್ಟಳು. ಪಾಸಾಗದವರಿಗೆ ಅಲ್ಲಿ ಜಾಗವಿರಲಿಲ್ಲ. ಸಣ್ಣತಾಯಮ್ಮ ದಿನಾ ಸಂಜೆ ಶಿವನಂಜಮ್ಮನ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದತೊಡಗಿದಳು.

ಇತ್ತ ಮನೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. "ದೊಡ್ಡೋಳಾಗೋಗಂಟ ಓದ್ಕಳ್ಳಿ, ಆಮ್ಯಾಕೆ ನನ್ ತಮ್ಮನ ಮನೆ ಸೇರ್ಕಳ್ಳಿ" ಎಂದು ಪುಟ್ಟಸಿದ್ದಮ್ಮ ಹೇಳಿಬಿಟ್ಟಿದ್ದಳು. ಅಕ್ಕನ ಮಗಳು ತಮ್ಮನಿಗೆ, ಅದರಲ್ಲಿ ಕೇಳುವುದೇನಿದೆ? ಸಣ್ಣಬೀರಯ್ಯನೂ ಹಾಗೇ ಎಂದುಕೊಂಡು ಕಾದಿದ್ದ. ಹೇಳಬೇಕೆಂದರೆ ಒಳ್ಳೆಯ ಗಂಡೇ. ಕುಡಿತವಿಲ್ಲ, ಜಗಳವಿಲ್ಲ, ಸ್ವಂತ ಗಾಡಿ ಎತ್ತು. ಅವನಲ್ಲಿ ಕುಂದು ಹುಡುಕಿ ಹುಡುಕಿ ಶಿವನಂಜಮ್ಮನೇ ಸೋತುಹೋದಳು. ಸಣ್ಣತಾಯಮ್ಮನಿಗೂ ಅವನ ಮೇಲೆ ಕೋಪವಿರಲಿಲ್ಲ. ಮಾವ ಎಂದರೆ ಅವಳಿಗೆ ಮಾವನೇ, ಅಷ್ಟೇ.

ಪರೀಕ್ಷೆ ಮುಂದಿನ ಸೋಮವಾರ ತಾಲ್ಲೂಕಿನ ಊರು ಕೋಟೆಯಲ್ಲಿ ಎಂದಿದ್ದಾಗ, ಒಂದು ಸಂಜೆ ಹುಡುಗಿ ಒಗೆಯುವ ಕಲ್ಲಿನಿಂದ ಎದ್ದು ಬಿಳಿಚಿಕೊಂಡು ಒಳಗೆ ಬಂದಳು. ಇಬ್ಬರು ಹೆಂಗಸರಿಗೂ ನೋಡುತ್ತಲೇ ತಿಳಿಯಿತು. ಏಲಿಯಮ್ಮ ಅವಳಿಗೆ ಬಟ್ಟೆ ಕೊಟ್ಟು, ಹೇಗೆ ಏನು ಎಂದು ಹೇಳಿಕೊಟ್ಟು, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದಳು.

"ಶಿವನಂಜಮ್ಮಾ, ಇದು ನಮಗೆ ಮೂರು ಜನಕ್ಕೆ ಮಾತ್ರ ಗೊತ್ತು. ಪರೀಕ್ಷೆ ಮುಗೀಲಿ, ಆಮೇಲೆ ಹೇಳುವ. ಹೇಳಿದರೆ ಗುಡ್ಲಲ್ಲಿ ಕೂರಿಸ್ತಾರೆ, ಪರೀಕ್ಷೆ ಹೋಯ್ತು, ಹುಡುಗಿ ಹೋಯ್ತು."

ಮಾತು ಸುಳ್ಳಲ್ಲ. ಹುಡುಗಿ ಮೈನೆರೆದರೆ ಸೋದರಮಾವ ಅತ್ತಿಸೊಪ್ಪು ತಂದು ಅಂಗಳದ ಮೂಲೆಯಲ್ಲಿ ಗುಡ್ಲು ಕಟ್ಟಬೇಕು. ಗಂಡಸರ ಕಣ್ಣಿಗೆ ಬೀಳದೆ ಅವಳು ಅದರೊಳಗೆ ಕೂರಬೇಕು. ಊರ ಗಡಿ ದಾಟುವಂತಿಲ್ಲ. ಕಡೆಯ ದಿನ ಮಾವನೇ ಗುಡ್ಲನ್ನು ಕಿತ್ತು ಸುಟ್ಟು, ಸೀರೆ ಕೊಡಬೇಕು. ಆ ಕಡೆಯ ದಿನ ಬರುವ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತಿತ್ತು. ಆಮೇಲೆ ಉಳಿಯುವುದು ಮದುವೆಯ ಮಾತು.

ಮುಚ್ಚಿಡಲು ಶಿವನಂಜಮ್ಮನಿಗೂ ಆಸೆಯಾಗಿತ್ತು, ಬಾಯಿಗೆ ಬೀಗ ಹಾಕಿದರೆ ಮುಗಿಯಿತು. ಆದರೆ ಗುಟ್ಟು ರಟ್ಟಾಗದ ಊರು ಯಾವುದಿದೆ?

"ಇವತ್ತು ಮುಚ್ಚಿಡ್ತೀವಿ ನರ್ಸಮ್ಮ. ನಾಳೆ ತಿಳೀತದೆ. ತಿಳಿದ್ ಮ್ಯಾಕೆ ಈ ಊರಲ್ಲಿ ಇನ್ನೊಬ್ಬ ತಾಯಿ ಹೆಣ್ ಮಗೀನ ಇಸ್ಕೂಲಿಗೆ ಕಳಿಸಾಕಿಲ್ಲ. ಓದಾಕೆ ಬುಟ್ರೆ ದೊಡ್ಡೋಳಾಗಿದ್ದನ್ನೂ ಮುಚ್ಚಾಕ್ತಾರೆ ಅಂತಾರೆ. ಇವಳೊಬ್ಬಳು ಓದಿದ್ರೆ ಸಾಕಾ?"

"ಇವಳೂ ಓದಲ್ಲ, ಇನ್ನೊಬ್ಬಳೂ ಓದಲ್ಲ. ಅದು ಸಾಕಾ?" ಎಂದಳು ಏಲಿಯಮ್ಮ.

ಸಣ್ಣತಾಯಮ್ಮ ಗೋಡೆಗೆ ಒರಗಿ ಇಬ್ಬರ ಮುಖವನ್ನೂ ನೋಡುತ್ತಿದ್ದವಳು ತಡೆದು ತಡೆದು ಹೇಳಿದಳು. "ನಮ್ಮವ್ವಂಗೆ ಸುಳ್ಳೇಳಾಕೆ ನಂಗಾಗಾಕಿಲ್ಲ."

ಶಿವನಂಜಮ್ಮ ಅವಳ ಕೈಹಿಡಿದು ಪುಟ್ಟಸಿದ್ದಮ್ಮನ ಮನೆಗೆ ಕರೆದೊಯ್ದಳು. ಹಿಂದೆ ಏಲಿಯಮ್ಮನ ದನಿ ಕೇಳಿಸಿತು. "ನೀನೇ, ನಿನ್ನ ಕೈಯಾರೆ ಅವಳ ಕಾಲಿಗೆ ಹಗ್ಗ ಹಾಕಿದೆ ಶಿವನಂಜಮ್ಮಾ." ಅದಾದ ಮೇಲೆ ಹಿತ್ತಿಲ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ಬೆಳಿಗ್ಗೆ ಗುಡ್ಲು ಎದ್ದಿತು. ಶಿವನಂಜಮ್ಮ ಅಂಗಡಿಯಲ್ಲಿ ಕೂತು ತೂಕವನ್ನೇ ತಪ್ಪಿದಳು. ಸರಿಯಾದದ್ದನ್ನೇ ಮಾಡಿದೆ ಎಂದು ಗೊತ್ತಿತ್ತು. ಸರಿ ಮಾಡಿದ ಮೇಲೂ ತಪ್ಪು ಮಾಡಿದಂತೆ ಅನಿಸಿದರೆ ಅದನ್ನು ಯಾರಿಗೆ ಹೇಳುವುದು? ಹೇಳಿಕೊಳ್ಳುವ ಒಬ್ಬಳೂ ಮಾತು ಬಿಟ್ಟಿದ್ದಳು.

ಮಧ್ಯಾಹ್ನ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿಕೊಂಡು ಹೋದಳು. ಗುಡ್ಲ ಬಾಗಿಲಿಗೆ ಒನಕೆ ಅಡ್ಡ ಮಲಗಿಸಿದ್ದರು. ಒಳಗೆ ಹಸಿ ಸೊಪ್ಪಿನ ವಾಸನೆ. ಸಣ್ಣತಾಯಮ್ಮ ಚಾಪೆಯ ಮೇಲೆ ಬರಿಗೈಯಲ್ಲಿ ಕೂತಿದ್ದಳು. ಆ ಬರಿಗೈಯನ್ನು ನೋಡಿ ಶಿವನಂಜಮ್ಮ ಅಲ್ಲೇ ನಿಂತಳು. ಹುಟ್ಟಿದಾಗಿನಿಂದ ಈ ಹುಡುಗಿಯ ಕೈ ಖಾಲಿ ಇದ್ದದ್ದುಂಟೆ? ಕೈಯಲ್ಲಿ ಪೊರಕೆ, ಇಲ್ಲವೇ ಕೊಡ, ಇಲ್ಲವೇ ಸೊಂಟದ ಮೇಲೆ ಕೂಸು. ಈಗ ಅವಳು ಕಸ ಗುಡಿಸುವಂತಿಲ್ಲ, ನೀರು ಮುಟ್ಟುವಂತಿಲ್ಲ, ಒಲೆಯ ಹತ್ತಿರ ಹೋಗುವಂತಿಲ್ಲ. ತಮ್ಮ ತಂಗಿಯರು ಹತ್ತಿರ ಸುಳಿಯುವಂತಿಲ್ಲ. ಯಾವ ಗಂಡಸೂ ಬಂದು, ಏಳೇ, ಓದಿದ್ದು ಸಾಕು ಎನ್ನುವಂತಿಲ್ಲ. ಹೊಟ್ಟೆಗೆ ತಂಬಿಟ್ಟು ಕೊಬ್ಬರಿ ಬೆಲ್ಲ ತಾನಾಗಿ ಬರುತ್ತದೆ. ಶಿವನಂಜಮ್ಮ ಮನೆಗೆ ಓಡುತ್ತ ಹೋಗಿ ಹಿತ್ತಿಲ ಕೋಣೆಯ ಬಾಗಿಲು ಬಡಿದಳು.

"ನರ್ಸಮ್ಮ, ಸಿಟ್ಟು ಆಮ್ಯಾಕೆ ಮಾಡ್ಕಳೀವಂತೆ. ಪುಸ್ತಕ ಎತ್ಕಂಡು ಬಾ."

ಹೀಗೆ ಗುಡ್ಲಿನಲ್ಲಿ ಶಾಲೆ ಶುರುವಾಯಿತು. ಮೇಷ್ಟರ ಕೆಲಸವನ್ನು ಇಬ್ಬರು ಹಂಚಿಕೊಂಡರೂ ಒಬ್ಬ ಮೇಷ್ಟರಾಗಲಿಲ್ಲ. ಏಲಿಯಮ್ಮನಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಶಿವನಂಜಮ್ಮನಿಗೆ ಯಾವ ಭಾಷೆಯೂ ಓದಲು ಬರುತ್ತಿರಲಿಲ್ಲ. ಹುಡುಗಿ ಗಟ್ಟಿಯಾಗಿ ಓದುವಳು, ಏಲಿಯಮ್ಮ ಎಲುಬು ರಕ್ತದ ಪಾಠವನ್ನು ತನ್ನ ಮೈಯನ್ನೇ ತೋರಿಸಿ ಬಿಡಿಸಿ ಹೇಳುವಳು, ಇಂಗ್ಲಿಷನ್ನು ಉರುಹೊಡೆಸುವಳು. ಲೆಕ್ಕ ಶಿವನಂಜಮ್ಮನ ಪಾಲಿಗೆ ಬಂತು. ಪ್ರಶ್ನೆ ಓದಿ ಮುಗಿಯುವ ಮೊದಲೇ ಉತ್ತರ ಆಕೆಯ ನಾಲಿಗೆಯ ಮೇಲೆ. ಲೆಕ್ಕ ಮಾಡಿದ ಬಗೆಯನ್ನೂ ಬರೆಯಬೇಕು ಎಂದರೆ ಸಿಡಿಮಿಡಿ.

"ಉತ್ರ ಬಂದ್ ಮ್ಯಾಕೆ ದಾರಿ ಯಾತಕ್ಕೆ? ಊರು ಸೇರ್ದೋಳ್ನ ಯಾವ್ ಓಣೀಲಿ ಬಂದೆ ಅಂತ ಕೇಳ್ತಾರಾ?"

"ಪರೀಕ್ಷೇಲಿ ಕೇಳ್ತಾರೆ ಅಮ್ನೋರೇ" ಎಂದು ಹುಡುಗಿ ನಗುವಳು. ಹಿಂದಿನ ದಿನ ಅತ್ತು ಊದಿದ ಕಣ್ಣಿನಲ್ಲೇ ನಗುವಳು.

ಪುಟ್ಟಸಿದ್ದಮ್ಮನಿಗೆ ದಿಗಿಲು. ಮುಟ್ಟಿನ ಹುಡುಗಿ ಪುಸ್ತಕ ಮುಟ್ಟಿದರೆ ಸರಸ್ವತಿ ಸುಮ್ಮನಿರುತ್ತಾಳೆಯೇ? "ಆ ದೋಸ ಏನೈತೋ ನನ್ ತಲೆ ಮ್ಯಾಲಾಕು. ಲಿಂಗ ಕಟ್ಟಿರೋಳಿಗೆ ಸೂತಕ ಇಲ್ಲ, ತಾಕಿದ್ದು ಅಂಗೇ ಜಾರ್ಕಂಡೋಯ್ತದೆ" ಎಂದು ಶಿವನಂಜಮ್ಮ ಭರವಸೆ ಕೊಟ್ಟಳು. ಸಂಜೆ ಸೋಬಾನೆ ಹೇಳಲು ಬರುತ್ತಿದ್ದ ಹೆಂಗಸರು ಹಾಡು ಮುಗಿದರೂ ಏಳುತ್ತಿರಲಿಲ್ಲ. ಹೊಟ್ಟೆಯಲ್ಲಿ ಕೂಸು ಹೇಗೆ ತಿರುಗುತ್ತದೆ ಎಂದು ಏಲಿಯಮ್ಮ ಹೇಳುತ್ತಿದ್ದರೆ, ಐದಾರು ಹೆತ್ತವರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಓದೇನೋ ಸಾಗಿತು. ಸೋಮವಾರ ಮಾತ್ರ ಹತ್ತಿರ ಹತ್ತಿರ ಬಂತು. ಕೋಟೆ ಊರ ಗಡಿಯಾಚೆ, ಹುಡುಗಿ ಗುಡ್ಲೊಳಗೆ. ಓದಿಸಿ ಓದಿಸಿ ಆಸೆ ಹೆಚ್ಚಿಸಿ ಕಡೆಗೆ ಕೈಬಿಟ್ಟರೆ ಅದು ಇನ್ನೂ ದೊಡ್ಡ ಪಾಪ ಎನಿಸಿ ಶಿವನಂಜಮ್ಮನಿಗೆ ಅನ್ನ ಸೇರದಾಯಿತು.

ಶನಿವಾರ ಹೊತ್ತೇರಿದ ಮೇಲೆ ಅಂಗಡಿಯಲ್ಲಿ ಕೂತಿದ್ದಳು. ಹಳೆಯ ಸೊಪ್ಪು ಬಾಡಿದ್ದರಿಂದ ಸಣ್ಣಬೀರಯ್ಯ ಹೊಸ ಸೊಪ್ಪು ತರಲು ಹೋಗಿದ್ದ. ಕೋಟೆ ದಾರಿಯಲ್ಲಿ ಅವನ ಗಾಡಿ ಬರುತ್ತಿತ್ತು. ಗಾಡಿ ಕಾಣುತ್ತಿರಲಿಲ್ಲ, ಎತ್ತಿನ ಮುಖ ಕಾಣುತ್ತಿತ್ತು, ಹಿಂದೆ ಒಂದು ಹಸಿರು ಗುಡ್ಲೇ ನಡೆದು ಬಂದ ಹಾಗೆ ಅತ್ತಿಸೊಪ್ಪಿನ ಹೊರೆ. ಶಿವನಂಜಮ್ಮ ತಕ್ಕಡಿಯನ್ನು ಹಾಗೇ ಬಿಟ್ಟು ಎದ್ದು ರಸ್ತೆಗೆ ಬಂದಳು.

"ಬೀರಯ್ಯ, ನಿಲ್ಸು ಗಾಡೀನ. ಗುಡ್ಲು ಅಂದ್ರೆ ಏನ್ಲಾ?"

"ಇದೇನ್ ಅಮ್ನೋರೇ, ಇಂಗ್ ಕೇಳ್ತೀರಿ? ಸೋದರಮಾವ ಸೊಪ್ಪು ತಂದು ಸೋದರಮಾವ ಕಟ್ಟಿದ್ರೆ ಅದು ಗುಡ್ಲು."

"ನೆಲದ ಮ್ಯಾಲೇ ಕಟ್ಬೇಕು ಅಂತ ಯಾರಾದ್ರೂ ಏಳವ್ರಾ?"

ಅವನು ಯೋಚಿಸಿದ. "ಅಂಗೇನೂ ಏಳಿಲ್ಲ. ನೆಲ ಇರೋದ್ರಿಂದ ನೆಲದ್ ಮ್ಯಾಲೆ ಕಟ್ತಾರೆ."

"ನಿನ್ ಗಾಡಿ ಮ್ಯಾಲೆ ಕಟ್ಟು. ಕೋಟೆಗೆ ಹೊಡಿ. ಹುಡ್ಗಿ ಗುಡ್ಲಲ್ಲೇ ಇರ್ತಾಳೆ, ಪರೀಕ್ಸೇನೂ ಆಯ್ತದೆ."

ಸಣ್ಣಬೀರಯ್ಯ ದಡ್ಡನಲ್ಲ. ಮಾತಿನ ತುದಿ ಎಲ್ಲಿ ಮುಟ್ಟುತ್ತದೆ ಎಂದು ಅವನಿಗೆ ತಿಳಿಯಿತು. ನೊಗದ ಮೇಲೆ ಕೈಯಿಟ್ಟು ಎತ್ತಿನ ಕೊರಳನ್ನು ಸವರುತ್ತ ನಿಂತ.

"ಪಾಸಾದ್ರೆ ಅವ್ಳು ಮೈಸೂರಿಗೋಯ್ತಾಳೆ."

"ಊ."

"ನಾನೇ ಕಟ್ಟಿ, ನಾನೇ ಹೊಡ್ಕಂಡೋಗಿ, ನಾನೇ ಬುಟ್ಟು ಬರ್ಬೇಕು ಅಂತೀರಿ."

ನಿನ್ನ ಅಕ್ಕನ ಜೀವ ಉಳಿಸಿದ್ದು ಯಾರು ಎಂದು ಶಿವನಂಜಮ್ಮ ಕೇಳಬೇಕೆಂದಿದ್ದಳು. ಅವನ ಮುಖ ನೋಡಿ, ಹಾಗೆ ಚುಚ್ಚುವುದು ಅನ್ಯಾಯವೆನಿಸಿತು.

"ಊ ಕಣಪ್ಪ, ಅದ್ನೇ ಕೇಳ್ತಿವ್ನಿ. ನಿನ್ನ ಬುಟ್ರೆ ಕಟ್ಟೋ ಅಕ್ಕು ಬ್ಯಾರೆ ಯಾರಿಗೂ ಇಲ್ಲ."

ಅವನು ನೊಗದಿಂದ ಕೈ ತೆಗೆದು ಮೂಕಿಯೇರಿದ. ಗಾಡಿ ಹೊಡೆದುಕೊಂಡು ಹೋದ.

ಭಾನುವಾರ ಬೆಳಿಗ್ಗೆ ಶಿವನಂಜಮ್ಮ ಹೋಗಿ ನೋಡಿದರೆ ಸಣ್ಣಬೀರಯ್ಯ ಅಕ್ಕನ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಹಸಿ ಬಿದಿರನ್ನು ಬಾಗಿಸಿ ಗಾಡಿಗೆ ಕಮಾನು ಕಟ್ಟಿದ, ಅದರ ಮೇಲೆ ಅತ್ತಿಸೊಪ್ಪು ಹೊದಿಸಿದ. ತಲೆಯೆತ್ತದೆ ಹೇಳಿದ: "ಅಕ್ಕ ಸಾಯಂಗಿದ್ದಾಗ ನರ್ಸಮ್ಮನ್ನ ಕರ್ಕಂಬರಾಕೆ ನಾನು ಎಂಗ್ ಓಡ್ದೆ ಅಂತ ನಂಗೇ ಗೊತ್ತು. ನಮ್ಮೋರಲ್ಲೇ ಒಬ್ಳಿದ್ರೆ ಇನ್ಯಾರೂ ಅಂಗ್ ಓಡ್ಬೇಕಾಗಿಲ್ಲ." ಶಿವನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಎಂದಳು.

ಷಣ್ಮುಖಪ್ಪ ಬರದೆ ಇರುತ್ತಾನೆಯೇ? ಬಂದ. "ಗುಡ್ಲಲ್ಲಿರೋ ಹೆಣ್ಣು ಗಡಿ ದಾಟಬಾರ್ದು ಕಣವ್ವ. ಊರಿಗೆ ಒಳ್ಳೇದಲ್ಲ."

"ಹೆಣ್ಣು ಗುಡ್ಲೊಳಗೇ ಕುಂತಿರ್ತಾಳೆ ಭಾವ. ಗಡಿ ದಾಟೋದು ಎತ್ತು. ಎತ್ತಿಗೆ ಶಾಸ್ತ್ರ ಐತಾ?"

ಸುತ್ತ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಪಟೇಲ ವಲ್ಲಿ ಕೊಡವಿಕೊಂಡು ಹಿಂದೆ ಸರಿದ. ಅಷ್ಟರಲ್ಲಿ ಪುಟ್ಟಸಿದ್ದಮ್ಮ ಕುಡುಗೋಲು ಹಿಡಿದುಕೊಂಡು ಬಂದಳು. ಮೈನೆರೆದ ಹುಡುಗಿ ದಾರಿಯಲ್ಲಿ ಹೋಗುವಾಗ ಗಾಳಿ ಸೋಕದಂತೆ ಕೈಯಲ್ಲಿ ಕಬ್ಬಿಣ ಇರಬೇಕು, ಬೇವಿನ ಸೊಪ್ಪಿರಬೇಕು. ಕುಡುಗೋಲು ಹಿಡಿದ ಹುಡುಗಿಯನ್ನು ಪರೀಕ್ಷೆಗೆ ಕೂರಿಸುತ್ತಾರೆಯೇ ಎಂದು ಏಲಿಯಮ್ಮ ತಲೆ ಚಚ್ಚಿಕೊಂಡಳು. ಶಿವನಂಜಮ್ಮ ಹುಡುಗಿಯ ಲೇಖನಿಯನ್ನು ಇಸಿದುಕೊಂಡು ನಿಬ್ಬನ್ನು ತೋರಿಸಿದಳು.

"ಇದೇನ್ ಮರವಾ? ನೋಡು, ಕಬ್ಣವೇ."

ಪುಟ್ಟಸಿದ್ದಮ್ಮ ನಿಬ್ಬಿನ ತುದಿಗೆ ಬೆರಳಿಟ್ಟು 'ಹಾ' ಎಂದು ಹಿಂದಕ್ಕೆಳೆದುಕೊಂಡಳು. ಚುಚ್ಚಿದ್ದರಿಂದ ನಂಬಿಕೆ ಬಂತು. ಬೇವಿನ ಎಳೆಯ ಕುಡಿಯೊಂದನ್ನು ದಾರದಲ್ಲಿ ಲೇಖನಿಗೆ ಕಟ್ಟಿ, "ಕೈ ಬುಡಬ್ಯಾಡ ಮಗ" ಎಂದು ಮಗಳ ಕೈಗಿಟ್ಟಳು. ಓದು ಎಂದರೇನು ಎಂದು ಕಾಣದ ಆ ತಾಯಿ ಕೊಟ್ಟ ಆಶೀರ್ವಾದ ಅದಕ್ಕಿಂತ ಹೆಚ್ಚೇನಿದ್ದೀತು!

ಹುಡುಗಿಯ ಜೊತೆ ಶಿವನಂಜಮ್ಮನೂ ಏಲಿಯಮ್ಮನೂ ಹತ್ತಿದ ಮೇಲೆ ಗಾಡಿಯ ಹಿಂಬದಿಗೆ ಒನಕೆಯನ್ನು ಅಡ್ಡ ಕಟ್ಟಿದರು. ಹೆಂಗಸರು ಊರ ಗಡಿಯವರೆಗೂ ಸೋಬಾನೆ ಹೇಳುತ್ತ ಹಿಂದೆ ನಡೆದರು. ಸಣ್ಣಬೀರಯ್ಯ ಮೂಕಿಯ ಮೇಲೆ ಕೂತವನು ಕೋಟೆ ಮುಟ್ಟುವ ತನಕ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಒಳಗಿಂದ ಹುಡುಗಿ ಚರಿತ್ರೆಯ ಪಾಠ ಒಪ್ಪಿಸುತ್ತಿದ್ದದ್ದು ಅವನಿಗೆ ಕೇಳಿಸುತ್ತಿತ್ತು.

ಕೋಟೆಯ ಶಾಲೆಯ ಪಕ್ಕ ಹುಣಸೆಮರದ ಕೆಳಗೆ ಗಾಡಿ ನಿಂತಿತು. ಸೋಮವಾರ ಬೆಳಿಗ್ಗೆ ಪರೀಕ್ಷೆಗೆ ಬಂದ ಹುಡುಗರು, ಇದೇನು ಸೊಪ್ಪಿನ ಗಾಡಿ ಎಂದು ಮುತ್ತಿಕೊಂಡರು. ಏಲಿಯಮ್ಮ ಕೊಡೆ ಬೀಸಿ ಅಟ್ಟಿದಳು. ಪರೀಕ್ಷೆಯ ಮೇಲ್ವಿಚಾರಣೆಗೆ ಬಂದಿದ್ದ ಮೇಷ್ಟರಿಗೆ ಶಿವನಂಜಮ್ಮ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವರು ಹೆಣ್ಣುಮಕ್ಕಳ ತಂದೆ ಇರಬೇಕು. ಏನೂ ಕೇಳದೆ ಕೊನೆಯ ಕೋಣೆಯಲ್ಲಿ ಎಲ್ಲರಿಗೂ ಹಿಂದೆ, ಕಿಟಕಿಯ ಕಡೆ ಮುಖ ಮಾಡಿ ಒಂದು ಮಣೆ ಹಾಕಿಸಿದರು. ಇಬ್ಬರು ಹೆಂಗಸರು ಎರಡೂ ಪಕ್ಕ ಕಂಬಳಿ ಹಿಡಿದು, ನಡುವೆ ಹುಡುಗಿಯನ್ನು ನಡೆಸಿಕೊಂಡು ಹೋಗಿ ಬಾಗಿಲು ದಾಟಿಸಿದರು. ಪರೀಕ್ಷೆ ನಡೆದ ದಿನಗಳೆಲ್ಲ ಹೀಗೇ ಸಾಗಿತು. ಹುಡುಗಿ ಒಳಗೆ ಬರೆಯುತ್ತಿದ್ದರೆ ಶಿವನಂಜಮ್ಮ ಹೊರಗೆ ತಳಮಳಿಸುತ್ತ ಕೂರುತ್ತಿದ್ದಳು. ಶಾಲೆಯ ಗೋಡೆಯ ಈಚೆ ಮತ್ತೆ ಕೂತಿದ್ದಳು ಆಕೆ, ಈ ಸಲ ಆಚೆ ತನ್ನವಳೊಬ್ಬಳಿದ್ದಳು.

ಲೆಕ್ಕದ ದಿನ ಹುಡುಗಿ ಹೊರಗೆ ಬಂದು, "ದಾರೀನೂ ಬರ್ದೆ ಅಮ್ನೋರೇ" ಎಂದಳು. "ಬರೀದಿದ್ರೆ ಒದೀತಿದ್ದೆ" ಎಂದಳು ಶಿವನಂಜಮ್ಮ.

ಗುಡ್ಲಿನ ಕಡೆಯ ದಿನ ಊರಿಗೆ ಮರಳುವ ದಾರಿಯಲ್ಲಿ ಹಳ್ಳದ ಬಳಿ ಗಾಡಿ ನಿಲ್ಲಿಸಿದರು. ಏಲಿಯಮ್ಮ ಬಂಡೆಯ ಮರೆಯಲ್ಲಿ ಹುಡುಗಿಗೆ ತಲೆಗೆ ನೀರು ಹಾಕಿದಳು. ಸಣ್ಣಬೀರಯ್ಯ ಗಾಡಿಯ ಮೇಲಿಂದ ಸೊಪ್ಪನ್ನೆಲ್ಲ ಕಿತ್ತು ರಾಶಿ ಹಾಕಿ ಬೆಂಕಿಯಿಟ್ಟ. ಹಸಿ ಒಣಗು ಬೆರೆತ ಸೊಪ್ಪು ಹೊಗೆಯಾಡಿತು. ಬೆಂಕಿಯಲ್ಲಿ ಸೊಪ್ಪಷ್ಟೇ ಇತ್ತು, ಬಿದಿರಿನ ಕಮಾನು ಇರಲಿಲ್ಲ. ಶಿವನಂಜಮ್ಮ ಅದನ್ನು ಗಮನಿಸಿದಳು, ಕೇಳಲಿಲ್ಲ.

ಮಾವ ಕೊಡಬೇಕಾದ ಸೀರೆಯನ್ನು ಅವನು ಕೋಟೆಯಲ್ಲೇ ಕೊಂಡಿದ್ದ. ಹುಡುಗಿ ಏಲಿಯಮ್ಮನ ಹಿಂದೆ ಬಂದು ನಿಂತಳು. ಅದುವರೆಗೆ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಕಟ್ಟಿಕೊಳ್ಳಬೇಕಾದವಳನ್ನು ಏನೆಂದು ಕರೆಯುವುದು ಎಂದು 'ಇವ್ಳೇ, ಇಲ್ನೋಡು' ಎನ್ನುತ್ತಲೇ ಕಾಲ ಕಳೆದಿದ್ದ. ಈಗ ಸೀರೆಯನ್ನು ಎರಡೂ ಕೈಯಲ್ಲಿ ನೀಡಿದ.

"ತಗಳವ್ವ ಮಗಳೇ. ಮೈಸೂರಿಗೆ ಹೋಗೋವಾಗ ಉಟ್ಕ."

ಸಣ್ಣತಾಯಮ್ಮ ಸೀರೆ ತೆಗೆದುಕೊಂಡು ಅವನ ಕಾಲು ಮುಟ್ಟಿದಳು. ಏಲಿಯಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಶಿವನಂಜಮ್ಮ, ಹಾಳಾದ ಹೊಗೆ, ಕಣ್ಣಿಗೇ ಬರುತ್ತದೆ ಎಂದು ಹೊಗೆಯನ್ನು ಬೈದಳು. ಗಾಳಿ ಆ ಕಡೆಗೆ ಬೀಸುತ್ತಿತ್ತು.

ಸಣ್ಣತಾಯಮ್ಮ ಮೂರನೆಯ ದರ್ಜೆಯಲ್ಲಿ ಪಾಸಾದಳು. ಶಿವನಂಜಮ್ಮ ಊರಿಗೆಲ್ಲ ಸಕ್ಕರೆ ಹಂಚುತ್ತ, "ಮೂರ್ ಮೂರು ದರ್ಜೆ ಬಂದೈತೆ" ಎಂದು ಹೇಳಿಕೊಂಡು ತಿರುಗಿದಳು. ತಿಳಿದವರೂ ತಿದ್ದಲಿಲ್ಲ. ಏಲಿಯಮ್ಮ ಹುಡುಗಿಯನ್ನು ಮೈಸೂರಿಗೆ ಕರೆದೊಯ್ದು ಹಾಸ್ಟೆಲ್ಲಿಗೆ ಸೇರಿಸಿ ಬಂದಳು. ಆಮೇಲಿನ ವರ್ಷಗಳಲ್ಲಿ ಊರಿನ ಇನ್ನೆರಡು ಹುಡುಗಿಯರಿಗೆ ಪರೀಕ್ಷೆಯ ಹೊತ್ತಿಗೇ ಹಾಗಾದಾಗ, ಸೊಪ್ಪು ತಂದ ಮಾವಂದಿರು, "ನೆಲಕ್ಕಾ, ಗಾಡಿಗಾ?" ಎಂದು ತಾವೇ ಕೇಳಿದರು. ಅದರಲ್ಲೊಬ್ಬಳು ಪಟೇಲ ಷಣ್ಮುಖಪ್ಪನ ಮೊಮ್ಮಗಳು. ಆ ದಿನ ಅವನು ಅಂಗಡಿಗೆ ಬಂದು, ಎಲೆ ಕೊಂಡು, ಮಳೆಯ ಮಾತಾಡಿ, ಬೆಲ್ಲದ ಮಾತಾಡಿ, ಕಡೆಗೆ ಸಣ್ಣಬೀರಯ್ಯನ ಗಾಡಿಯನ್ನು ಕೇಳಿಕೊಡು ಎಂದ. ಶಿವನಂಜಮ್ಮ ಎಲೆಯ ಜೊತೆ ಒಂದು ಅಡಿಕೆ ಹೆಚ್ಚಿಗೆ ಇಟ್ಟು, ಕೇಳಿಕೊಡುತ್ತೇನೆ ಎಂದಳು.

ಸಣ್ಣಬೀರಯ್ಯ ಕಂಪಲಾಪುರದ ಕಡೆಯ ಹೆಣ್ಣನ್ನು ಮದುವೆಯಾದ. ಐವತ್ತೊಂಬತ್ತರಲ್ಲಿ ಅವನ ಹೆಂಡತಿಗೆ ಚೊಚ್ಚಲ ಹೆರಿಗೆ. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ್ದ ಸಣ್ಣತಾಯಮ್ಮ ಆಗ ರಜೆಯಲ್ಲಿ ಊರಿಗೆ ಬಂದಿದ್ದಳು. ಏಲಿಯಮ್ಮ ಬಂದರೂ ಕೈ ಹಾಕದೆ ತಾನೇ ಬುಡ್ಡಿ ಹಿಡಿದು ನಿಂತಳು. ಹೊರಗೆ ಜಗಲಿಯಲ್ಲಿ ಶಿವನಂಜಮ್ಮ, ಬಾಗಿಲ ಬಳಿ ಸಣ್ಣಬೀರಯ್ಯ. ಕೂಸು ಅತ್ತದ್ದು ಕೇಳಿಸಿತು. ಸಣ್ಣತಾಯಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹೆಣ್ಣು ಕಣ್ ಮಾವ. ಇಬ್ರೂ ಚೆನ್ನಾಗವ್ರೆ."

ಅವನು ಒಳಗೆ ಓಡಲಿಲ್ಲ. ತಲೆಯೆತ್ತಿ ಅಟ್ಟದ ಕಡೆ ನೋಡಿದ. ಶಿವನಂಜಮ್ಮನೂ ನೋಡಿದಳು. ಬಾಗಿದ ಬಿದಿರಿನ ಕಮಾನುಗಳು ಹೊಗೆ ಹಿಡಿದು ಕಪ್ಪಾಗಿ, ಹಗ್ಗ ಬಿಗಿದುಕೊಂಡು ಅಲ್ಲಿದ್ದವು.

"ಅದ್ನೂ ಸುಡ್ಬೇಕಿತ್ತಲ್ಲೋ" ಎಂದಳು ಮೆಲ್ಲಗೆ.

"ಸೊಪ್ಪು ಸುಟ್ಟೆ ಅಮ್ನೋರೇ. ಇದ್ನ ಸುಡಾಕೆ ಮನ್ಸು ಬರ್ನಿಲ್ಲ. ಆಗ ಯಾಕೆ ಅಂತ ನಂಗೂ ಗೊತ್ತಿರ್ಲಿಲ್ಲ." ಅವನು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. "ನನ್ ಬಾಮೈದಂಗೆ ಗಾಡಿ ಇಲ್ಲ. ಮಗಳು ದೊಡ್ಡೋಳಾದಾಗ ಸೊಪ್ಪು ಅವ್ನು ತಂದು ಕಟ್ಲಿ, ಗಾಡಿ ನಾ ಹೊಡೀತೀನಿ."

ಏನಾದರೂ ಹೇಳದಿದ್ದರೆ ಅತ್ತುಬಿಡುವ ಭಯ ಶಿವನಂಜಮ್ಮನಿಗೆ.

"ಅಷ್ಟೊತ್ಗೆ ನಿನ್ ಎತ್ತು ಮುದಿಯಾಗಿರ್ತವಲ್ಲೋ."

"ಬ್ಯಾರೆ ತತ್ತೀನಿ ಬುಡಿ" ಎಂದ ಸಣ್ಣಬೀರಯ್ಯ. ಮಗಳನ್ನು ನೋಡಲು ಒಳಗೆ ಹೋದ.